ಪಕ್ಕೆನೋವೆಲ್ಲ ಹರಳಲ್ಲ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಹಳ್ಳಿಗಳಲ್ಲಿ ಪಕ್ಕೆ ನೋಯುತ್ತದೆ ಎಂದರೆ ಸಾಕು, ಕನ್ನಡದವರು ‘ಹರಳು’ ಎನ್ನುತ್ತಾರೆ, ಮರಾಠಿಯವರು ‘ಮುತಖಡಾ’ ಎನ್ನುತ್ತಾರೆ. ಇಬ್ಬರೂ ಹೇಳುವ ಔಷಧ ಮಾತ್ರ ಒಂದೇ: ನೀರು ಕುಡಿ, ಇನ್ನೂ ಕುಡಿ. ಹರಳಿದ್ದವರಿಗೆ ಈ ಮಾತು ಬಹುಮಟ್ಟಿಗೆ ಸರಿ. ಆದರೆ ಹೆಚ್ಚು ನೀರು ಕುಡಿದಾಗಲೇ ನೋವು ಏರಿ, ವಾಂತಿಯಾಗಿ, ಕೆಲವು ತಾಸಿನಲ್ಲಿ ತಾನೇ ಇಳಿಯುತ್ತಿದ್ದರೆ ಬೇರೊಂದು ಕಾಯಿಲೆಯನ್ನು ಅನುಮಾನಿಸಬೇಕು.

ಮೂತ್ರಪಿಂಡ (ಮರಾಠಿಯಲ್ಲೂ ಇದೇ ಹೆಸರು) ಸೋಸಿದ ಮೂತ್ರವು ಮೊದಲು ಅದಕ್ಕೆ ಅಂಟಿದ ಸಣ್ಣ ಚೀಲದಲ್ಲಿ ಕೂಡುತ್ತದೆ. ಅಲ್ಲಿಂದ ತೆಳು ನಾಳದಲ್ಲಿ ಮೂತ್ರಕೋಶಕ್ಕೆ ಇಳಿಯುತ್ತದೆ. ಚೀಲವೂ ನಾಳವೂ ಕೂಡುವ ಜಾಗ ಕೆಲವರಿಗೆ ಹುಟ್ಟಿನಿಂದಲೇ ಇಕ್ಕಟ್ಟು. ಕೆಲವರಲ್ಲಿ ರಕ್ತನಾಳವೊಂದು ಅಡ್ಡ ಹಾಯ್ದು ಅದನ್ನು ಅದುಮುತ್ತದೆ. ಕಾಲುವೆಯ ಬಾಯಿ ಕಟ್ಟಿದರೆ ಹಿಂದಿನ ತೊಟ್ಟಿ ತುಂಬುವಂತೆ ಮೂತ್ರಪಿಂಡ ಉಬ್ಬುತ್ತದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಸವೆದು ಕೆಲಸ ನಿಲ್ಲಿಸಬಹುದು. ಇನ್ನೊಂದು ಮೂತ್ರಪಿಂಡ ಗಟ್ಟಿಯಿದ್ದರೆ ಮೂತ್ರ ಸರಿಯಾಗಿಯೇ ಹೋಗುತ್ತದೆ, ರಕ್ತಪರೀಕ್ಷೆಯೂ ಸರಿಯಾಗಿಯೇ ಬರುತ್ತದೆ. ಇದು ಕಳ್ಳ ಕಾಯಿಲೆ.

ಸೋನೋಗ್ರಾಫಿಯಲ್ಲಿ ಉಬ್ಬು ಕಾಣುತ್ತದೆ. ತಡೆ ಎಷ್ಟಿದೆ, ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ರೀನೋಗ್ರಾಂ ಎಂಬ ಸ್ಕ್ಯಾನ್ ಬೇಕು. ಉಬ್ಬಿದ್ದವರಿಗೆಲ್ಲ ಆಪರೇಷನ್ ಬೇಕಿಲ್ಲ. ಕೂಸುಗಳಲ್ಲಂತೂ ಎಷ್ಟೋ ಬಾರಿ ಕಾದು ನೋಡಿದರೆ ಸಾಕು.

ಇಕ್ಕಟ್ಟಾದ ಭಾಗವನ್ನು ಕತ್ತರಿಸಿ ತೆಗೆದು, ಚೀಲಕ್ಕೂ ನಾಳಕ್ಕೂ ಅಗಲವಾಗಿ ಹೊಲಿಗೆ ಹಾಕುವ ಪದ್ಧತಿಯನ್ನು 1949ರಲ್ಲಿ ಇಂಗ್ಲೆಂಡಿನ ಆಂಡರ್ಸನ್ ಮತ್ತು ಹೈನ್ಸ್ ವಿವರಿಸಿದರು. ಆಗ ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ಯಬೇಕಿತ್ತು. 1993ರಲ್ಲಿ ಅಮೆರಿಕದ ವೈದ್ಯರು ಇದನ್ನೇ ದುರ್ಬೀನಿನಿಂದ ಮಾಡಿದ ವರದಿಗಳು ಬಂದವು. ಈಗ ಅರ್ಧದಿಂದ ಒಂದು ಸೆಂಟಿಮೀಟರಿನ ಮೂರು ನಾಲ್ಕು ತೂತು ಸಾಕು. ಒಳಗಿನ ಹೊಲಿಗೆ ಅದೇ, ಹೋಗುವ ಬಾಗಿಲು ಮಾತ್ರ ಚಿಕ್ಕದಾಗಿದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಗುಣ ಸಿಗುತ್ತದೆ. ನೋವು ಕಡಿಮೆ, ದುಡಿಮೆಗೆ ಬೇಗ ಮರಳಬಹುದು. ಒಳಗೆ ತೊಡಕು ಕಂಡರೆ ವೈದ್ಯರು ಹಳೆಯ ರೀತಿಯಲ್ಲೇ ಕೊಯ್ಯಬೇಕಾಗಬಹುದು. ಅದು ಅವರ ಸೋಲಲ್ಲ.

ನಾನು ಒತ್ತಿ ಹೇಳಬೇಕಾದದ್ದು ಆಮೇಲಿನ ಸಂಗತಿ. ಹೊಲಿಗೆ ಕೂಡುವ ತನಕ ಒಳಗೆ ಒಂದು ಮೆತ್ತನೆಯ ನಳಿಗೆ ಇಟ್ಟಿರುತ್ತಾರೆ, ಅದೇ ಸ್ಟೆಂಟ್. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಮೂತ್ರದ ದಾರಿಯಿಂದಲೇ ಅದನ್ನು ತೆಗೆಯುತ್ತಾರೆ, ಮತ್ತೆ ಕೊಯ್ಯುವುದಿಲ್ಲ. ಅಷ್ಟರಲ್ಲಿ ನೋವು ಹೋಗಿರುತ್ತದೆ, ಕಬ್ಬು ಕಡಿಯುವ ಗ್ಯಾಂಗು ಹೊರಟಿರುತ್ತದೆ, ಸ್ಟೆಂಟ್ ಮರೆತೇ ಹೋಗುತ್ತದೆ! ತಿಂಗಳುಗಟ್ಟಲೆ ಉಳಿದ ಸ್ಟೆಂಟಿನ ಮೇಲೆ ಹರಳು ಕಟ್ಟುತ್ತದೆ, ನಂಜಾಗುತ್ತದೆ, ಉಳಿಸಿಕೊಂಡ ಮೂತ್ರಪಿಂಡವೇ ಕೆಡಬಹುದು. ಆದ್ದರಿಂದ ಆಸ್ಪತ್ರೆ ಬಿಡುವಾಗಲೇ ತೆಗೆಯುವ ತಾರೀಖು ಬರೆಸಿಕೊಳ್ಳಿ. ಚೀಟಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಓದಿಸಿ, ಮನೆಯ ಕ್ಯಾಲೆಂಡರಿನಲ್ಲಿ ಕನ್ನಡದಲ್ಲಿ ಗುರುತು ಹಾಕಿ. ಸ್ಟೆಂಟ್ ಇರುವಷ್ಟು ದಿನ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಮೂತ್ರ ತುಸು ಕೆಂಪಾಗುವುದು ಸಹಜ. ಚಳಿಜ್ವರ ಬಂದರೆ ಮಾತ್ರ ಆ ದಿನವೇ ಆಸ್ಪತ್ರೆಗೆ ಹೋಗಿ.

ಸ್ಟೆಂಟ್ ತೆಗೆದ ಕೆಲವು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸುತ್ತಾರೆ. ಸೋನೋಗ್ರಾಫಿಯಲ್ಲಿ ಸ್ವಲ್ಪ ಉಬ್ಬು ಉಳಿದಿರಬಹುದು, ಗಾಬರಿಯಾಗಬೇಡಿ. ಬಹಳ ದಿನ ಹಿಗ್ಗಿದ್ದ ಚೀಲ ಪೂರ್ತಿ ಕುಗ್ಗುವುದಿಲ್ಲ. ಹರಿವು ಸರಿಯಾಗಿದೆಯೇ ಎಂದು ವೈದ್ಯರನ್ನು ಕೇಳಿ.