ತೊಟ್ಟಿಲು ಮತ್ತು ಬಾಣಂತಿಯ ಮಂಚ

ಕೂಸು ಹುಟ್ಟಿತೆಂಬ ಸುದ್ದಿ ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ "ಗಂಡೋ, ಹೆಣ್ಣೋ?" ಎಂಬುದು. ಮನೆಯ ಹಿರಿಯಜ್ಜಿ ಮಾತ್ರ ಬೇರೊಂದನ್ನು ಕೇಳುತ್ತಾಳೆ: "ತಾಯಿ ಹೇಗಿದ್ದಾಳೆ?" ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬುದನ್ನು ಅವಳು ಬಲ್ಲಳು. ಅಜ್ಜಿಯ ಆ ಪ್ರಶ್ನೆಯನ್ನು ಕುರಿತು, ಕ್ರೈಸ್ತರ ಧರ್ಮಗ್ರಂಥವಾದ ಸತ್ಯವೇದದ ಬೆಳಕಿನಲ್ಲಿ, ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಸತ್ಯವೇದವು ಪ್ರಸವವೇದನೆಯನ್ನು ಮರೆಮಾಚುವುದಿಲ್ಲ. ಆದಿಕಾಂಡದಲ್ಲಿ ರಾಹೇಲಳ ಕಥೆಯಿದೆ. ಬೇತ್ಲೆಹೇಮಿನ ದಾರಿಯಲ್ಲಿ, ಪ್ರಯಾಣದ ನಡುವೆ, ಅವಳಿಗೆ ಬಹು ಕಷ್ಟದ ಹೆರಿಗೆಯಾಯಿತು. ಪ್ರಾಣ ಹೋಗುವ ಹೊತ್ತಿನಲ್ಲಿ ಅವಳು ಮಗುವನ್ನು 'ಬೆನೋನಿ' ಎಂದು ಕರೆದಳು. ನನ್ನ ದುಃಖದ ಮಗ ಎಂದು ಅದರ ಅರ್ಥ. ತಂದೆ ಯಾಕೋಬನು ಅದನ್ನು 'ಬೆನ್ಯಾಮೀನ್', ಎಂದರೆ ಬಲಗೈಯ ಮಗ, ಎಂದು ಬದಲಾಯಿಸಿದನು. ಹೆಸರೇನೋ ಬದಲಾಯಿತು, ತಾಯಿ ಮರಳಿ ಬರಲಿಲ್ಲ. ಅವಳ ಸಮಾಧಿಯ ಮೇಲೆ ಅವನು ಒಂದು ಕಲ್ಲನ್ನು ನಿಲ್ಲಿಸಿದನು.

ಯೇಸುಸ್ವಾಮಿಯೂ ತಮ್ಮ ಕೊನೆಯ ರಾತ್ರಿ ಶಿಷ್ಯರನ್ನು ಸಂತೈಸುವಾಗ ಹೆರುವ ಹೆಂಗಸಿನ ಉಪಮೆಯನ್ನೇ ಆರಿಸಿಕೊಂಡರು. ಯೋಹಾನನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಕೂಸನ್ನು ಕಂಡ ಸಂತೋಷದಲ್ಲಿ ತಾಯಿ ತಾನು ಪಟ್ಟ ಸಂಕಟವನ್ನು ಮರೆಯುತ್ತಾಳೆಂಬುದು ಅದರ ಭಾವ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮರೆಯುವವಳು ತಾಯಿ. ಹಾಗೆ ಮರೆಯುವ ಹಕ್ಕು ಅವಳದು. ಸುತ್ತ ನಿಂತ ನಮ್ಮದಲ್ಲ.

ಆದರೆ ನಾವು ಆ ಹಕ್ಕನ್ನು ಎಷ್ಟೋ ಸಲ ಕಸಿದುಕೊಂಡಿದ್ದೇವೆ. "ಹವ್ವಳಿಗೆ ದೇವರು ವಿಧಿಸಿದ ನೋವು, ಹೆಣ್ಣು ಸಹಿಸಲೇಬೇಕು" ಎಂದು ಹೇಳಿದವರುಂಟು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಯಂಗ್ ಸಿಂಪ್ಸನ್ 1847ರಲ್ಲಿ ಹೆರಿಗೆಯ ನೋವನ್ನು ತಗ್ಗಿಸಲು ಕ್ಲೋರೋಫಾರಂ ಬಳಸಿದರು. ಧರ್ಮದ ಹೆಸರಿನ ಆಕ್ಷೇಪಗಳಿಗೆ ಅದೇ ವರ್ಷ ಒಂದು ಕಿರುಹೊತ್ತಗೆಯಲ್ಲಿ ಉತ್ತರ ಕೊಟ್ಟರು. ಆ ವಚನದ ಹೀಬ್ರೂ ಮಾತಿಗೆ ದುಡಿಮೆ, ಶ್ರಮ ಎಂಬ ಅರ್ಥವೂ ಉಂಟು ಎಂದರು. ನೆಲದಲ್ಲಿ ಮುಳ್ಳು ಬೆಳೆಯುವುದೆಂದು ಅಲ್ಲಿಯೇ ಹೇಳಿದೆ; ಹಾಗೆಂದು ರೈತನು ಮುಳ್ಳನ್ನು ಕೀಳುವುದು ಪಾಪವೇ? ಆದಾಮನ ಪಕ್ಕೆಲುಬನ್ನು ತೆಗೆಯುವ ಮುನ್ನ ದೇವರೇ ಅವನಿಗೆ ಗಾಢನಿದ್ರೆ ಬರಿಸಲಿಲ್ಲವೆ? 1853ರಲ್ಲಿ ವಿಕ್ಟೋರಿಯಾ ರಾಣಿಯೇ ತನ್ನ ಹೆರಿಗೆಯಲ್ಲಿ ಆ ಔಷಧವನ್ನು ಸ್ವೀಕರಿಸಿದಳು. ಇಂದು ಅದರ ಸ್ಥಾನದಲ್ಲಿ ಹೆಚ್ಚು ಸುರಕ್ಷಿತವಾದ ವಿಧಾನಗಳಿವೆ.

ಹಾಗಾದರೆ ಕೃತಜ್ಞತೆ ಯಾವುದಕ್ಕೆ? ನೋವಿಗಲ್ಲ, ನೋವನ್ನು ದಾಟಿ ಬಂದ ಎರಡು ಜೀವಗಳಿಗೆ. ಇಂಗ್ಲೆಂಡಿನ ಸಭೆಯ ಪ್ರಾರ್ಥನಾ ಪುಸ್ತಕದಲ್ಲಿ ಬಾಣಂತಿಯು ದೇವಾಲಯಕ್ಕೆ ಬರುವ ದಿನದ ಆರಾಧನೆಗೆ 1549ರಲ್ಲಿ 'ಶುದ್ಧೀಕರಣ'ವೆಂಬ ಹೆಸರಿತ್ತು. 1552ರಲ್ಲಿ ಅದು 'ಕೃತಜ್ಞತಾಸ್ತುತಿ'ಯೆಂದಾಯಿತು. ಹೆತ್ತವಳು ಮೈಲಿಗೆಯವಳಲ್ಲ, ದೇವರಿಗೆ ವಂದನೆ ಸಲ್ಲಿಸಲು ಬಂದವಳು ಎಂಬ ಅರಿವಿಗೆ ಆ ಹೊಸ ಹೆಸರು ದಾರಿಮಾಡಿತು. ಮರಿಯಮ್ಮನೂ ಹಸುಗೂಸನ್ನೆತ್ತಿಕೊಂಡು ಯೆರೂಸಲೇಮಿನ ದೇವಾಲಯಕ್ಕೆ ಹೋದಳು. ಅಲ್ಲಿ ಸಲ್ಲಿಸಿದ್ದು ಕುರಿಮರಿಯನ್ನಲ್ಲ, ಬಡವರಿಗೆಂದು ಧರ್ಮಶಾಸ್ತ್ರವು ಗೊತ್ತುಮಾಡಿದ್ದ ಜೋಡಿ ಹಕ್ಕಿಗಳನ್ನು. ಕೃತಜ್ಞತೆಗೆ ಸಿರಿತನ ಬೇಕಿಲ್ಲ.

ಆದರೆ ಎಚ್ಚರ ಬೇಕು. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2004-06ರಲ್ಲಿ 213 ತಾಯಂದಿರು ತೀರಿಕೊಳ್ಳುತ್ತಿದ್ದರು. 2018-20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. ಇಳಿದದ್ದು ಸಂತೋಷ. ಉಳಿದ 69 ಒಂದೊಂದು ಮನೆಯ ರಾಹೇಲಳು. ರಕ್ತಸ್ರಾವ, ಏರಿದ ರಕ್ತದೊತ್ತಡ, ನಂಜು ಇವೇ ಮುಖ್ಯ ಶತ್ರುಗಳು. ಇವುಗಳ ಮುಂದೆ "ಎಲ್ಲ ಹೆಂಗಸರೂ ಹೆರುವುದಿಲ್ಲವೆ?" ಎಂದು ತಡಮಾಡುವುದು ತಾಳ್ಮೆಯೂ ಅಲ್ಲ, ಭಕ್ತಿಯೂ ಅಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟುವ ದಿನ ಬಂದಾಗ ಪಕ್ಕದ ಮಂಚದತ್ತಲೂ ಒಮ್ಮೆ ನೋಡಿ. ಅವಳಿಗೆ ನಿದ್ರೆಯಾಯಿತೇ, ಹೊಟ್ಟೆ ತುಂಬ ಉಂಡಳೇ, ಹುಟ್ಟಿದ್ದು ಹೆಣ್ಣೆಂದು ಯಾರಾದರೂ ಮನ ನೋಯಿಸಿದರೇ ಎಂದು ವಿಚಾರಿಸಿ. ಕೂಸಿಗಾಗಿ ದೇವರಿಗೆ ಸಲ್ಲಿಸುವ ವಂದನೆ ಆ ವಿಚಾರಣೆಯಿಂದಲೇ ಮೊದಲಾಗಲಿ.