ಎಪ್ಪತ್ತೆರಡು ಗಂಟೆ ಅಂದರೆ ಯಾವಾಗಿನಿಂದ?

ದೊಡ್ಡ ಪ್ರವಾಸಿ ಹಡಗು ಹತ್ತಿ ನಾಲ್ಕಾರು ದೇಶ ಸುತ್ತಿ ಬರುವವರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಸಿಂಗಪುರದಲ್ಲೋ ದುಬೈಯಲ್ಲೋ ಕೆಲಸದಲ್ಲಿರುವ ಮಗ, ಅಪ್ಪ ಅಮ್ಮನಿಗೆ ಕ್ರೂಸ್ ಟಿಕೆಟ್ ಮಾಡಿಸಿ ಕಳಿಸುತ್ತಾನೆ. ಮೈಸೂರು ಹುಬ್ಬಳ್ಳಿಗಳ ಟೂರಿನವರು ಮೂವತ್ತು ಜನರ ತಂಡ ಕಟ್ಟಿಕೊಂಡು ಹೊರಡುತ್ತಾರೆ. ಇವರೆಲ್ಲರ ಮೊದಲ ಪ್ರಶ್ನೆ ಒಂದೇ. "ಈಗಲೂ ಟೆಸ್ಟ್ ಮಾಡಿಸ್ಬೇಕಾ?"

ಕೋವಿಡ್ ಟೆಸ್ಟಿನ ಮಾತಾದರೆ, ಬಹುತೇಕ ಹಡಗುಗಳಿಗೆ ಈಗ ಬೇಡ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಪ್ರವಾಸಿ ಹಡಗುಗಳಿಗೆಂದೇ ನಡೆಸುತ್ತಿದ್ದ ಕೋವಿಡ್ ಕಾರ್ಯಕ್ರಮವನ್ನು 2022ರ ಜುಲೈ 18ಕ್ಕೆ ನಿಲ್ಲಿಸಿತು. ಆದರೆ "ಬೇಡ" ಎಂಬ ಮಾತು ಕೇಳಿಸಿಕೊಂಡು ನೆಮ್ಮದಿಯಾಗಿ ಪೆಟ್ಟಿಗೆ ಕಟ್ಟುವ ಹಾಗಿಲ್ಲ. ಆರೋಗ್ಯದ ಕಾಗದಪತ್ರಗಳು ಇನ್ನೂ ಇವೆ, ಒಂದೊಂದಕ್ಕೂ ಒಂದೊಂದು ಗಡುವಿದೆ. ಬಂದರಿನಲ್ಲಿ ತೊಂದರೆಗೆ ಸಿಕ್ಕಿಕೊಳ್ಳುವವರಲ್ಲಿ ಹೆಚ್ಚಿನವರ ಬಳಿ ಕಾಗದ ಇರುತ್ತದೆ. ತಪ್ಪಿರುವುದು ಅದರ ತಾರೀಖು.

ಹಡಗಿಗೇ ಯಾಕೆ ಇಷ್ಟೊಂದು ತಪಾಸಣೆ? 2020ರ ಫೆಬ್ರವರಿಯನ್ನು ನೆನಪಿಸಿಕೊಳ್ಳಿ. ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ಹಡಗನ್ನು ತಡೆದು ನಿಲ್ಲಿಸಿದರು. ಜನವರಿ 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದುಹೋಗಿದ್ದ ಒಬ್ಬ ಪ್ರಯಾಣಿಕನಿಗೆ ಸೋಂಕಿದೆ ಎಂದು ಫೆಬ್ರವರಿ 1ಕ್ಕೆ ಗೊತ್ತಾಯಿತು. ಅಷ್ಟರಲ್ಲಿ ಹಡಗಿನ ಊಟದ ಹಾಲ್, ನಾಟಕ, ಕುಣಿತ ಎಲ್ಲ ಎಂದಿನಂತೆ ನಡೆದಿದ್ದವು. ಹಡಗಿನಲ್ಲಿದ್ದವರು 3,711 ಜನ, ಕೊನೆಗೆ ಸೋಂಕು ತಗುಲಿದ್ದು 700ಕ್ಕೂ ಹೆಚ್ಚು ಮಂದಿಗೆ. ಹಡಗಿನಲ್ಲಿ ಭಾರತೀಯರು 138 ಜನ ಇದ್ದರು, ಆರು ಪ್ರಯಾಣಿಕರನ್ನು ಬಿಟ್ಟರೆ ಉಳಿದವರೆಲ್ಲ ಹಡಗಿನ ಸಿಬ್ಬಂದಿ. ಪ್ರಯಾಣಿಕರು ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾಗ ಆ ಬಾಗಿಲವರೆಗೆ ಊಟ ತಲುಪಿಸುತ್ತಿದ್ದವರು ಇಂಥ ಸಿಬ್ಬಂದಿಯೇ.

ಮರುತಿಂಗಳು ಸಿಡ್ನಿಯಲ್ಲಿ ಇನ್ನೊಂದು ಬಗೆಯ ಅನಾಹುತವಾಯಿತು. ರೂಬಿ ಪ್ರಿನ್ಸೆಸ್ ಹಡಗಿನಲ್ಲಿ ಕೆಲವರಿಗೆ ಜ್ವರ ಕೆಮ್ಮು ಇತ್ತು, ಅವರ ಗಂಟಲುದ್ರವವನ್ನೂ ತೆಗೆದಿದ್ದರು. ಆದರೆ ಫಲಿತಾಂಶ ಬರುವ ಮೊದಲೇ, ಮಾರ್ಚ್ 19ರ ಬೆಳಿಗ್ಗೆ, 2,600ಕ್ಕೂ ಹೆಚ್ಚು ಪ್ರಯಾಣಿಕರನ್ನು ಇಳಿಯಲು ಬಿಟ್ಟರು. ಅವರು ಟ್ಯಾಕ್ಸಿ, ರೈಲು, ವಿಮಾನ ಹತ್ತಿ ತಂತಮ್ಮ ಊರಿಗೆ ಹೋದರು. ಆ ಹಡಗಿನ ನಂಟಿನಿಂದ 28 ಜನ ಸತ್ತರು. ವಿಚಾರಣಾ ಆಯೋಗ ಆರೋಗ್ಯ ಇಲಾಖೆಯ ತಪ್ಪನ್ನು ಎತ್ತಿ ಹೇಳಿತು. ಟೆಸ್ಟ್ ಮಾಡಿಸಿದ್ದೇನೋ ನಿಜ, ಉತ್ತರಕ್ಕೆ ಕಾಯುವ ತಾಳ್ಮೆ ಇರಲಿಲ್ಲ.

ಇಲ್ಲಿ ಒಂದು ಸಂಗತಿ ತಿಳಿದುಕೊಳ್ಳಬೇಕು. ವಿಮಾನದಲ್ಲಿ ಹೋದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾರೆ. ಹಡಗಿಗೆ ಮಾತ್ರ ಬಂದರು ಅನುಮತಿ ಕೊಡುವುದು ಇಡಿಯಾಗಿ. ಹಡಗುಗಳ ಸಂಕೇತ ಭಾಷೆಯಲ್ಲಿ ಬರೀ ಹಳದಿ ಬಣ್ಣದ ಒಂದು ಬಾವುಟವಿದೆ. "ನನ್ನ ಹಡಗಿನಲ್ಲಿ ಎಲ್ಲರೂ ಕ್ಷೇಮ, ಬಂದರಿನೊಳಗೆ ಜನರೊಡನೆ ಬೆರೆಯಲು ಅಪ್ಪಣೆ ಕೊಡಿ" ಎಂದು ಅದರ ಅರ್ಥ. ಅದರ ಜೊತೆಗೆ ಕಪ್ತಾನ ಒಂದು ಆರೋಗ್ಯ ಘೋಷಣೆಯನ್ನೂ ಸಲ್ಲಿಸಬೇಕು. ಯಾರಾದರೂ ಸತ್ತಿದ್ದಾರೆಯೇ, ಎಷ್ಟು ಜನರಿಗೆ ಕಾಯಿಲೆ, ಅದು ಅಂಟುಜಾಡ್ಯವೆಂದು ಸಂಶಯವಿದೆಯೇ, ಹೀಗೆ ಪ್ರಶ್ನೆಗಳು ಸಾಗುತ್ತವೆ. ಆದ್ದರಿಂದ ದಾರಿಯ ಐದು ಬಂದರುಗಳಲ್ಲಿ ಒಂದೇ ಒಂದು ದೇಶ ಯಾವುದೋ ಸರ್ಟಿಫಿಕೇಟ್ ಕೇಳಿದರೂ ಹಡಗಿನ ಕಂಪನಿ ಸಾಮಾನ್ಯವಾಗಿ ಅದನ್ನು ಎಲ್ಲರಿಂದ ಕೇಳುತ್ತದೆ. "ನಾನು ಆ ಊರಲ್ಲಿ ಇಳಿಯೋದೇ ಇಲ್ಲ ಸ್ವಾಮಿ" ಎಂದರೆ ನಡೆಯುವುದು ಕಷ್ಟ.

ಈಗ ಗಂಟೆಯ ಲೆಕ್ಕ. ಎಪ್ಪತ್ತೆರಡು ಗಂಟೆಯೊಳಗಿನ ವರದಿ ಬೇಕು ಎಂದಾಗ ಆ ಗಂಟೆಗಳನ್ನು ಯಾವಾಗಿನಿಂದ ಎಣಿಸಬೇಕು? ಟೆಸ್ಟ್ ವರದಿಯೊಂದನ್ನು ಕೈಗೆತ್ತಿಕೊಂಡು ನೋಡಿ. ಅದರಲ್ಲಿ ಸಾಮಾನ್ಯವಾಗಿ ಮೂರು ಸಮಯಗಳಿರುತ್ತವೆ. ಮಾದರಿ ತೆಗೆದದ್ದು, ಅದು ಲ್ಯಾಬಿಗೆ ತಲುಪಿದ್ದು, ವರದಿ ಹೊರಬಿದ್ದದ್ದು. ಸೋಮವಾರ ಬೆಳಿಗ್ಗೆ ಏಳಕ್ಕೆ ಮನೆಗೆ ಬಂದ ಹುಡುಗ ಮೂಗಿಗೆ ಕಡ್ಡಿ ಹಾಕಿ ತೆಗೆದುಕೊಂಡು ಹೋಗುತ್ತಾನೆ. ಮಧ್ಯಾಹ್ನ ಲ್ಯಾಬು ಸೇರುತ್ತದೆ. ಮಂಗಳವಾರ ರಾತ್ರಿ ಮೊಬೈಲಿಗೆ ವರದಿ ಬರುತ್ತದೆ. ನಾವು ಮಂಗಳವಾರ ರಾತ್ರಿಯಿಂದ ಎಣಿಸುತ್ತೇವೆ, ಕೌಂಟರಿನಲ್ಲಿ ಕೂತವರು ಸಾಮಾನ್ಯವಾಗಿ ಸೋಮವಾರ ಏಳರಿಂದ. ಹಾಲಿನ ಪ್ಯಾಕೆಟ್ಟು ನಮ್ಮ ಮನೆಗೆ ಬಂದಾಗಿನಿಂದ ಹಳತಾಗಲು ಶುರುವಾಗುವುದಿಲ್ಲವಲ್ಲ, ಹಾಗೆ. ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಇದೇ ಸರಿ. ಆ ಕಡ್ಡಿ ಹೇಳುವುದು ಮೂಗಿನಲ್ಲಿ ಆ ಗಳಿಗೆಯಲ್ಲಿ ಏನಿತ್ತು ಎಂಬುದನ್ನಷ್ಟೇ. ಅಂದು ಸಂಜೆ ಮದುವೆ ಮನೆಯಲ್ಲಿ ಏನು ಅಂಟಿತೋ ಅದಕ್ಕೆ ಗೊತ್ತಿಲ್ಲ.

ಇನ್ನು "ಒಂದು ದಿನ" ಎಂಬುದೂ "24 ಗಂಟೆ" ಎಂಬುದೂ ಒಂದೇ ಅಲ್ಲ. 2021ರ ಡಿಸೆಂಬರಿನಲ್ಲಿ ಅಮೆರಿಕ, ವಿಮಾನದಲ್ಲಿ ಬರುವವರು ಹೊರಡುವುದಕ್ಕೆ ಒಂದು ದಿನ ಮೊದಲು ಪರೀಕ್ಷೆ ಮಾಡಿಸಿರಬೇಕೆಂದಿತು. ಅಂದರೆ ಶುಕ್ರವಾರದ ವಿಮಾನಕ್ಕೆ ಗುರುವಾರ ಯಾವ ಹೊತ್ತಿನಲ್ಲಾದರೂ ಸರಿ. ಗಂಟೆ ಲೆಕ್ಕ ಇಟ್ಟಿದ್ದರೆ ವಿಮಾನ ತಡವಾದಾಗಲೆಲ್ಲ ಜನ ಮತ್ತೆ ಲ್ಯಾಬಿಗೆ ಓಡಬೇಕಾಗುತ್ತಿತ್ತು. ಅದೇ ಕಾಲಕ್ಕೆ ಹಲವು ಹಡಗು ಕಂಪನಿಗಳು, ಹಡಗು ಹೊರಡುವುದಕ್ಕೆ ಎರಡು ದಿನದೊಳಗಿನ ವರದಿ ಬೇಕೆನ್ನುತ್ತಿದ್ದವು. ದಾವಣಗೆರೆಯ ನಿವೃತ್ತ ಮೇಷ್ಟ್ರು ದಂಪತಿ ಬೆಂಗಳೂರಿನಿಂದ ಹೊರಟು ಮಯಾಮಿಯಲ್ಲಿ ಹಡಗು ಹತ್ತುವವರಿದ್ದರು ಎಂದಿಟ್ಟುಕೊಳ್ಳಿ. ದಾರಿಯಲ್ಲೇ ಒಂದು ದಿನ ಹೋಗುತ್ತದೆ. ಮೇಲೆ ಸಮಯದ ವ್ಯತ್ಯಾಸ ಬೇರೆ: ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಶನಿವಾರ ಬೆಳಿಗ್ಗೆ ಎಂಟಾದಾಗ ಮಯಾಮಿಯಲ್ಲಿ ಇನ್ನೂ ಶುಕ್ರವಾರ ರಾತ್ರಿ ಒಂಬತ್ತೂವರೆ. ವಿಮಾನ ಹತ್ತಲು ಇಲ್ಲೊಂದು ಟೆಸ್ಟ್, ಹಡಗು ಹತ್ತಲು ಅಲ್ಲೊಂದು ಟೆಸ್ಟ್ ಎಂದು ಎರಡು ಖರ್ಚಿಗೆ ಮೊದಲೇ ತಯಾರಾದವರು ಪಾರಾದರು. ಒಂದರಲ್ಲೇ ಎರಡನ್ನೂ ಮುಗಿಸುವ ಜಾಣತನ ಕೈಕೊಡುತ್ತಿತ್ತು.

ತಾರೀಖಿನ ಜೊತೆಗೆ, ಕಾಗದಗಳಲ್ಲಿ ಹೆಸರು ಹೊಂದದ ಕಾಟ ನಮ್ಮವರಿಗೆ ಸ್ವಲ್ಪ ಹೆಚ್ಚೇ. ಆಧಾರಿನಲ್ಲಿ ಇನಿಷಿಯಲ್ ಮುಂದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಹಿಂದೆ. ಲ್ಯಾಬಿನವರು ಬರೆದುಕೊಳ್ಳುವುದು ನಾವು ಬಾಯಲ್ಲಿ ಹೇಳಿದ ಹೆಸರು. 2021ರಲ್ಲಿ ನಮ್ಮ ಕೋವಿನ್ ಲಸಿಕೆ ಪತ್ರದಲ್ಲಿ ಪೂರ್ತಿ ಜನ್ಮದಿನಾಂಕ ಇರುತ್ತಿರಲಿಲ್ಲ. ಆ ಪತ್ರದ ಮಾನ್ಯತೆಯ ಬಗ್ಗೆ ಬ್ರಿಟನ್ನಿನೊಡನೆ ತಕರಾರಾದ ಮೇಲೆ ಅದನ್ನು ಸೇರಿಸುವ ವ್ಯವಸ್ಥೆಯಾಯಿತು. ಪರೀಕ್ಷೆಗೋ ಲಸಿಕೆಗೋ ಹೋಗುವಾಗ ಪಾಸ್‌ಪೋರ್ಟನ್ನೇ ಮುಂದಿಟ್ಟು, ಅದರಲ್ಲಿರುವಂತೆಯೇ ಬರೆಸಿ, ಸಂಖ್ಯೆಯನ್ನೂ ಹಾಕಿಸಿ. ಅಲ್ಲೇ ನಿಂತು ಓದಿ ನೋಡಿ.

ಪಾಸಿಟಿವ್ ಬಂದರೆ? 2020ರ ಡಿಸೆಂಬರಿನಲ್ಲಿ ಸಿಂಗಪುರದಿಂದ ಕ್ವಾಂಟಮ್ ಆಫ್ ದಿ ಸೀಸ್ ಎಂಬ ಹಡಗು ಎಲ್ಲೂ ನಿಲ್ಲದೆ ಸಮುದ್ರದಲ್ಲೇ ಒಂದು ಸುತ್ತು ಹಾಕಿ ಬರಲು ಹೊರಟಿತ್ತು. ಎಲ್ಲರಿಗೂ ಮೊದಲೇ ಟೆಸ್ಟ್ ಆಗಿತ್ತು. ನಡುವೆ 83 ವರ್ಷದ ಒಬ್ಬ ಹಿರಿಯರು ಭೇದಿಯೆಂದು ಹಡಗಿನ ವೈದ್ಯರ ಬಳಿ ಹೋದರು. ಅಲ್ಲಿ ಪಾಸಿಟಿವ್ ಬಂತು, ಹಡಗು ವಾಪಸ್ ತಿರುಗಿತು, ಸುಮಾರು 1,700 ಪ್ರಯಾಣಿಕರು ಗಂಟೆಗಟ್ಟಲೆ ಕೋಣೆ ಸೇರಿ ಕೂತರು. ದಡದ ಸರ್ಕಾರಿ ಪ್ರಯೋಗಾಲಯ ಮತ್ತೆ ಪರೀಕ್ಷಿಸಿದಾಗ ಅವರಿಗೆ ಕೋವಿಡ್ಡೇ ಇರಲಿಲ್ಲ. ಹಡಗಿನ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ರೋಗವೇ ವಿರಳವಾಗಿರುವ ಕಡೆ ಸಾವಿರಾರು ಜನರನ್ನು ಪರೀಕ್ಷಿಸಿದರೆ, ಎಷ್ಟೇ ಒಳ್ಳೆಯ ಪರೀಕ್ಷೆಯಾದರೂ ಬರುವ ಪಾಸಿಟಿವ್‌ಗಳಲ್ಲಿ ಸುಳ್ಳಿನ ಪಾಲು ಜಾಸ್ತಿಯಾಗುತ್ತದೆ. ಇನ್ನೊಂದು ಕಡೆ, ನಿಜವಾಗಿ ಕೋವಿಡ್ ಬಂದು ಗುಣವಾದವರಲ್ಲೂ ಆರ್‌ಟಿ-ಪಿಸಿಆರ್ ವಾರಗಟ್ಟಲೆ ಪಾಸಿಟಿವ್ ತೋರಿಸಬಲ್ಲದು, ಅದು ಸತ್ತ ವೈರಾಣುವಿನ ಚೂರನ್ನೂ ಹಿಡಿಯುತ್ತದೆ. ಅದಕ್ಕೇ ಅಮೆರಿಕ, ಕಳೆದ 90 ದಿನಗಳೊಳಗೆ ಸೋಂಕಾಗಿ ಗುಣವಾದವರಿಂದ ನೆಗೆಟಿವ್ ವರದಿಯ ಬದಲು ವೈದ್ಯರ ಪತ್ರವನ್ನು ಒಪ್ಪುತ್ತಿತ್ತು.

ಅವೆಲ್ಲ ಕಳೆದ ಮಾತು. ಇವತ್ತು ಕ್ರೂಸ್ ಹೋಗುವ ಭಾರತೀಯರು ನಿಜವಾಗಿ ಭಯಪಡಬೇಕಾದ ಕಾಗದವೆಂದರೆ ಹಳದಿ ಜ್ವರದ ಲಸಿಕೆಯದು. ಈ ಕಾಯಿಲೆ ಇರುವುದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ಭಾಗಗಳಲ್ಲಿ. ಭಾರತದಲ್ಲಿ ಇಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ, ನಮಗೆ ಡೆಂಗಿ ತರುವ ಅದೇ ಸೊಳ್ಳೆ, ಬೇಕಾದಷ್ಟಿದೆ. ವೈರಾಣು ಹೊತ್ತ ಒಬ್ಬರು ಬಂದಿಳಿದರೆ ಉಳಿದ ಏರ್ಪಾಡೆಲ್ಲ ಇಲ್ಲಿ ತಯಾರಾಗಿದೆ. ಆದ್ದರಿಂದ ನಮ್ಮ ಸರ್ಕಾರ ಈ ವಿಷಯದಲ್ಲಿ ಬಹಳ ಬಿಗಿ. ಹಡಗು ಕೀನ್ಯಾದ ಮೊಂಬಾಸಾಕ್ಕೋ ಬ್ರೆಜಿಲಿನ ಬಂದರಿಗೋ ಹೋಗುವುದಾದರೆ ಲಸಿಕೆ ಹಾಕಿಸಿಕೊಂಡಿರಬೇಕು. ಇಲ್ಲದೆ ಬಂದವರನ್ನು, ಆ ದೇಶ ಬಿಟ್ಟು ಆರು ದಿನ ತುಂಬುವವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸೊಳ್ಳೆ ಕಚ್ಚಿದ ಮೇಲೆ ಜ್ವರ ಕಾಣಿಸಲು ಹೆಚ್ಚೆಂದರೆ ಅಷ್ಟು ದಿನ ಬೇಕೆಂಬ ಲೆಕ್ಕ ಅದು. ಹಡಗಿನಲ್ಲೇ ಭಾರತಕ್ಕೆ ಬರುವವರಿಗೆ ನಿಯಮ ಇನ್ನೂ ಉದ್ದ: ಹಿಂದಿನ 30 ದಿನಗಳಲ್ಲಿ ಅಂಥ ಬಂದರು ಮುಟ್ಟಿದ, ಸೊಳ್ಳೆ ನಿವಾರಣೆ ಮಾಡಿಸದ ಹಡಗೂ ಆ ಲೆಕ್ಕಕ್ಕೆ ಸೇರುತ್ತದೆ.

ಲಸಿಕೆ ಒಂದೇ ಡೋಸು. ಸರ್ಟಿಫಿಕೇಟ್ ಜೀವ ಪಡೆಯುವುದು ಹತ್ತು ದಿನಗಳ ಬಳಿಕ. ಹೊರಡುವ ಹಿಂದಿನ ವಾರ ಓಡಾಡಿದರೆ ದುಡ್ಡು ಖರ್ಚಾಗುತ್ತದೆ, ಕಾಗದ ಕೆಲಸಕ್ಕೆ ಬರುವುದಿಲ್ಲ. ಒಮ್ಮೆ ಹಾಕಿಸಿಕೊಂಡರೆ ಆಯುಷ್ಯಪೂರ್ತಿ ಸಾಕೆಂದು 2016ರ ಜುಲೈ 11ರಿಂದ ಜಾರಿಗೆ ಬಂದಿದೆ. ಹಿಂದೆ ಹತ್ತು ವರ್ಷ ಎಂದಿತ್ತು, ಹಳೆಯ ಪುಸ್ತಕದಲ್ಲಿ ಹಾಗೆ ಬರೆದಿದ್ದರೂ ಈಗ ನಡೆಯುತ್ತದೆ, ಎಸೆಯಬೇಡಿ. ಇದನ್ನು ಎಲ್ಲ ಆಸ್ಪತ್ರೆಗಳಲ್ಲೂ ಹಾಕುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರವೇ ಆಗಬೇಕು. ಇದು ಜೀವಂತ ವೈರಾಣುವಿನ ಲಸಿಕೆ. ಅರವತ್ತು ದಾಟಿದವರು, ಮೊಟ್ಟೆ ಆಗದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಕ್ರೂಸ್ ಹೋಗುವವರಲ್ಲಿ ಅರವತ್ತು ದಾಟಿದವರೂ ಬಹಳ ಜನ. ಹಾಗಾಗಿ ಟಿಕೆಟ್‌ಗೆ ಮೊದಲು ವೈದ್ಯರು, ಆಮೇಲೆ ಟೂರಿನವರು ಎಂಬುದು ನನ್ನ ಕ್ರಮ. ಟೂರಿನವರಿಗೆ ಈ ಕ್ರಮ ಹಿಡಿಸಲಿಕ್ಕಿಲ್ಲ.

ಸಣ್ಣಪುಟ್ಟವು ಕೆಲವಿವೆ. ಸಿಂಗಪುರಕ್ಕೆ ಹೋಗುವವರು ತಲುಪುವುದಕ್ಕೆ ಮೊದಲಿನ ಮೂರು ದಿನಗಳೊಳಗೆ ಆರೋಗ್ಯ ಘೋಷಣೆ ಸೇರಿದ ಆಗಮನ ಪತ್ರವನ್ನು ಆನ್‌ಲೈನಿನಲ್ಲಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ಯಾರಾದರೂ ದುಡ್ಡು ಕೇಳಿದರೆ ನೀವು ತಪ್ಪು ಜಾಗಕ್ಕೆ ಹೋಗಿದ್ದೀರಿ. ಗರ್ಭಿಣಿಯರಿಗೆ ಹೆಚ್ಚಿನ ಕಂಪನಿಗಳ ಮಿತಿ 24 ವಾರ. ಅದನ್ನು ಹತ್ತುವ ದಿನಕ್ಕಲ್ಲ, ಪ್ರಯಾಣ ಮುಗಿಯುವ ದಿನಕ್ಕೆ ಎಣಿಸುತ್ತಾರೆ. ಆರು ತಿಂಗಳು ತುಂಬದ ಕೂಸುಗಳನ್ನು ಹಲವರು ಹತ್ತಿಸಿಕೊಳ್ಳುವುದಿಲ್ಲ.

ಹಡಗಿನ ಮೇಲೆ ದುಡಿಯಲು ಹೋಗುವ ಮಂಗಳೂರು, ಉಡುಪಿ ಕಡೆಯ ಹುಡುಗರಿಗೆ ಈ ತಪಾಸಣೆ ನಮಗಿಂತ ಎಷ್ಟೋ ಪಟ್ಟು. ನೌಕಾಯಾನ ನಿರ್ದೇಶನಾಲಯ ಒಪ್ಪಿದ ವೈದ್ಯರೇ ಕಣ್ಣು, ಕಿವಿ, ರಕ್ತ ನೋಡಿ ಪತ್ರ ಕೊಡಬೇಕು. ಅದು ಹೆಚ್ಚೆಂದರೆ ಎರಡು ವರ್ಷಕ್ಕೆ, ಬಣ್ಣ ಗುರುತಿಸುವ ದೃಷ್ಟಿಯದು ಆರು ವರ್ಷಕ್ಕೆ. ಸಮುದ್ರದ ನಡುವೆ ಅವಧಿ ತೀರಿದರೆ ವೈದ್ಯರು ಸಿಗುವ ಮುಂದಿನ ಬಂದರಿನವರೆಗೆ ವಿನಾಯಿತಿ, ಅದೂ ಮೂರು ತಿಂಗಳು ಮೀರುವ ಹಾಗಿಲ್ಲ.

ಕೊನೆಗೆ ಹಡಗಿನ ಬಾಗಿಲಲ್ಲಿ ಒಂದು ಹಾಳೆ ಕೊಡುತ್ತಾರೆ, ಇಲ್ಲವೇ ಮೊಬೈಲಿನಲ್ಲೇ ಕೇಳುತ್ತಾರೆ. ಜ್ವರ ಇತ್ತೆ, ವಾಂತಿ ಭೇದಿ ಆಗಿತ್ತೆ? ಎಲ್ಲರೂ ಕಣ್ಣುಮುಚ್ಚಿ "ಇಲ್ಲ" ಒತ್ತುತ್ತಾರೆ. ಆದರೆ ಕೇಳುವುದಕ್ಕೆ ಕಾರಣವಿದೆ: ನೊರೊವೈರಾಣು ಎಂಬುದು ಹಡಗಿನಲ್ಲಿ ಬಹಳ ಬೇಗ ಹರಡಿ ವಾಂತಿಭೇದಿ ತರುತ್ತದೆ. ಅಮೆರಿಕದ ಬಂದರಿಗೆ ಹೋಗುವ ಹಡಗಿನಲ್ಲಿ ನಿಗದಿತ ಪ್ರಮಾಣದ ಪ್ರಯಾಣಿಕರಿಗೆ ಹೀಗಾದರೆ ವಿಶೇಷ ವರದಿ ಸಲ್ಲಿಸಬೇಕು. ಕೈಗೆ ಹಚ್ಚುವ ಸ್ಯಾನಿಟೈಸರಿಗೆ ಈ ವೈರಾಣು ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು. "ಹೌದು" ಎಂದವರನ್ನೆಲ್ಲ ವಾಪಸ್ ಕಳಿಸುವುದಿಲ್ಲ. ವೈದ್ಯರು ಮಾತಾಡಿಸುತ್ತಾರೆ, ಕೆಲವರಿಗೆ ಒಂದೆರಡು ದಿನ ಕೋಣೆಯಲ್ಲಿರಲು ಹೇಳುತ್ತಾರೆ, ಕೆಲವರಿಗೆ ಮಾತ್ರ ಹತ್ತಬೇಡಿ ಎನ್ನುತ್ತಾರೆ. ಹಾಗೆ ನಿಂತುಹೋದವರಿಗೆ ದುಡ್ಡು ವಾಪಸ್ಸೋ, ಇನ್ನೊಂದು ತಾರೀಖೋ, ಏನೂ ಇಲ್ಲವೋ ಎಂಬುದು ಟಿಕೆಟ್ಟಿನ ಷರತ್ತುಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹಡಗಿನ ಆಸ್ಪತ್ರೆಯ ಬಿಲ್ಲು ಡಾಲರಿನಲ್ಲಿ ಬರುತ್ತದೆ, ಇಲ್ಲಿನ ಸಾಮಾನ್ಯ ಮೆಡಿಕ್ಲೇಮ್ ಅಲ್ಲಿಗೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಪ್ರಯಾಣ ವಿಮೆ ಮಾಡಿಸುವಾಗ ಏಜೆಂಟರನ್ನು ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ: ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಇದು ಅನ್ವಯಿಸುತ್ತದೆಯೇ? ಆರೋಗ್ಯದ ಕಾರಣಕ್ಕೆ ಹಡಗು ಹತ್ತಲು ಬಿಡದಿದ್ದರೆ ದುಡ್ಡು ಕೊಡುತ್ತೀರಾ?