ಹನ್ನೆರಡು ಮಂದಿ, ಒಂದು ಗಂಟು



ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವೆಲ್ಲ ಹಿರಿಯರ ಬಾಯಿಂದ ಕೇಳಿ ಬೆಳೆದವರು. ಈ ಗಾದೆ ಸಾಮಾನ್ಯವಾಗಿ ಬಡವನಿಗೆ ಹೇಳುವ ಬುದ್ಧಿಮಾತು. ಸಿರಿವಂತನಿಗೆ ಇದನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅವನು ದೊಡ್ಡ ಹಾಸಿಗೆಯನ್ನೇ ಕೊಂಡುಕೊಳ್ಳುತ್ತಾನೆ. ಆದರೆ ಸಿರಿವಂತನಿಗೂ ಬಡವನಿಗೂ ಒಂದೇ ಅಳತೆಯ ಹಾಸಿಗೆ ಕೊಟ್ಟು, 'ಇದರಲ್ಲಿ ನಿನ್ನ ಮನೆಮಂದಿಯನ್ನೆಲ್ಲ ಮಲಗಿಸು ನೋಡೋಣ' ಎನ್ನುವ ಒಂದು ಪ್ರಪಂಚವಿದೆ. ಅದು ವೃತ್ತಿಪರ ಆಟದ ತಂಡಗಳ ಪ್ರಪಂಚ. ಅಲ್ಲಿ ಆ ಹಾಸಿಗೆಗೆ ಸಂಬಳದ ಮಿತಿ ಎಂದು ಹೆಸರು. ಆಟಗಾರರಿಗೆಲ್ಲ ಸೇರಿ ಒಂದು ತಂಡ ಇಂತಿಷ್ಟಕ್ಕಿಂತ ಹೆಚ್ಚು ಕೊಡಕೂಡದು ಎಂಬುದು ಅದರ ಕಟ್ಟಳೆ. ಕೊಟ್ಟು ಮುಗಿಸಿದ ಮೇಲೆ ಆ ಮಿತಿಯೊಳಗೆ ಎಷ್ಟು ಜಾಗ ಉಳಿದಿದೆ ಎಂಬುದೇ ತಂಡ ಕಟ್ಟುವವನ ಹಗಲಿನ ಚಿಂತೆ, ಇರುಳಿನ ಕನಸು.

ಇಂಥ ಕಟ್ಟಳೆ ಏಕೆ ಬೇಕು? ಉತ್ತರ ಸರಳ. ಹಣವಿದ್ದವನೇ ಒಳ್ಳೆಯ ಆಟಗಾರರನ್ನೆಲ್ಲ ಕೊಂಡುಬಿಟ್ಟರೆ ಗೆಲ್ಲುವವರು ಯಾರೆಂದು ಆಟಕ್ಕೆ ಮುಂಚೆಯೇ ಗೊತ್ತಾಗುತ್ತದೆ. ಗೊತ್ತಿರುವ ಫಲಿತಾಂಶವನ್ನು ನೋಡಲು ಯಾರು ಟಿಕೆಟ್ ಕೊಂಡಾರು? ಅಮೆರಿಕದ ಬ್ಯಾಸ್ಕೆಟ್‌ಬಾಲ್ ಸಂಘ ಈ ಮಿತಿಯನ್ನು 1984ರಲ್ಲಿ ತಂದಿತು. ಅಲ್ಲಿನ ಫುಟ್‌ಬಾಲ್ ಲೀಗ್, ಅಂದರೆ ಚೆಂಡನ್ನು ಕಾಲಿಗಿಂತ ಹೆಚ್ಚಾಗಿ ಕಂಕುಳಲ್ಲಿ ಅವುಚಿಕೊಂಡು ಓಡುವ ಆ ಆಟದ ಲೀಗ್, 1994ರಲ್ಲಿ ಜಾರಿಗೆ ತಂದಿತು. ಅಂದು ತಂಡವೊಂದಕ್ಕೆ 3 ಕೋಟಿ 46 ಲಕ್ಷ ಡಾಲರ್ ಮಿತಿ. 2025ರಲ್ಲಿ ಅದು 27 ಕೋಟಿ 92 ಲಕ್ಷ. ನಮ್ಮ ಅರ್ಥದ ಫುಟ್‌ಬಾಲಿನಲ್ಲಿ ಸ್ಪೇನಿನ ಲೀಗ್ ಮಿತಿಯನ್ನು ಬೇರೊಂದು ಬಗೆಯಲ್ಲಿ ಹಾಕಿತು. ಎಲ್ಲರಿಗೂ ಒಂದೇ ಅಳತೆಯಲ್ಲ. ಅವರವರ ಆದಾಯಕ್ಕೆ ತಕ್ಕ ಅಳತೆ. 2021ರ ಆಗಸ್ಟ್‌ನಲ್ಲಿ ಬಾರ್ಸಿಲೋನಾ ಕ್ಲಬ್ಬು ಲಯೊನೆಲ್ ಮೆಸ್ಸಿಯನ್ನು ಉಳಿಸಿಕೊಳ್ಳಲಾರದೆ ಹೋಯಿತು. ಅರ್ಧ ಸಂಬಳಕ್ಕೆ ಆಡಲು ಅವನೇ ಸಿದ್ಧನಿದ್ದ. ಆದರೂ ಮಿತಿಯೊಳಗೆ ಅವನಿಗೆ ಜಾಗವಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಕೈಬಿಚ್ಚಿ ಮಾಡಿದ ಖರ್ಚು ಆ ಜಾಗವನ್ನು ಮೊದಲೇ ತುಂಬಿಬಿಟ್ಟಿತ್ತು. ಹದಿಮೂರರ ಹುಡುಗನಾಗಿ ಬಂದು ಅಲ್ಲಿಯೇ ಬೆಳೆದು ದೊಡ್ಡವನಾದ ಆಟಗಾರ ಕಣ್ಣೊರೆಸಿಕೊಳ್ಳುತ್ತ ವಿದಾಯ ಹೇಳಿದ ದೃಶ್ಯವನ್ನು ತಮ್ಮಲ್ಲಿ ಹಲವರು ನೋಡಿರಬಹುದು.

ಈ ಲೆಕ್ಕ ನನಗೆ ಅರ್ಥವಾದದ್ದು ಅಮೆರಿಕದಿಂದಲೂ ಅಲ್ಲ, ಸ್ಪೇನಿನಿಂದಲೂ ಅಲ್ಲ. ನಾನು ಹುಟ್ಟಿ ಬೆಳೆದ ಮಾರಿಕಣಿವೆಯ ನೀರಿನಿಂದ. ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟು ಅದು. ಕಾಗದಪತ್ರಗಳಲ್ಲಿ ಮಹಾರಾಣಿಯವರ ನೆನಪಿಗೆ ವಾಣಿವಿಲಾಸ ಸಾಗರ. ನಮ್ಮ ಬಾಯಲ್ಲಿ ಕಣಿವೆ ಮಾರಮ್ಮನ ಹೆಸರಿನ ಮಾರಿಕಣಿವೆ. ತುಂಬಿದರೆ 130 ಅಡಿ, 30 ಟಿಎಂಸಿ. ಆದರೆ 'ತುಂಬಿದರೆ' ಎಂಬ ಮಾತನ್ನು ನಮ್ಮವರು ಸಲೀಸಾಗಿ ಆಡುವುದಿಲ್ಲ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. ನಡುವಿನ 89 ವರ್ಷಗಳಲ್ಲಿ ಎರಡು ತಲೆಮಾರು ಕೋಡಿಯನ್ನು ಕಾಣದೆ ಕಣ್ಣುಮುಚ್ಚಿತು. ಬಯಲುಸೀಮೆಯ ಹೊಳೆ, ಒಂದು ವರ್ಷದ ಮಳೆ ಮರುವರ್ಷಕ್ಕೆ ಗ್ಯಾರಂಟಿಯಲ್ಲ. ಆದ್ದರಿಂದ ಈ ವರ್ಷ ಬಿಡದೆ ಉಳಿಸಿದ ನೀರೇ ಮುಂದಿನ ವರ್ಷದ ಬೇಸಾಯ. ಈ ವರ್ಷ ಧಾರಾಳವಾಗಿ ಬಿಟ್ಟರೆ ಮುಂದಿನ ಬೇಸಿಗೆಯಲ್ಲಿ ತೆಂಗಿನ ಸುಳಿ ಒಣಗುತ್ತದೆ. 2010ರ ದಶಕದ ಬರಗಳಲ್ಲಿ ಹಿರಿಯೂರು ತಾಲ್ಲೂಕಿನ ತೋಟಗಳು ಹಾಗೆ ಒಣಗಿ ನಿಂತದ್ದನ್ನು ನಾವು ಕಂಡಿದ್ದೇವೆ.

ಅಮೆರಿಕದ ಫುಟ್‌ಬಾಲ್ ತಂಡಗಳ ಲೆಕ್ಕವೂ ಹೀಗೆಯೇ. ಮಿತಿಯಲ್ಲಿ ಈ ವರ್ಷ ಖರ್ಚಾಗದೆ ಉಳಿದ ಜಾಗವನ್ನು ಮರುವರ್ಷಕ್ಕೆ ಸಾಗಿಸಿಕೊಳ್ಳಬಹುದು. ಇದಕ್ಕೆ ವಿರುದ್ಧವಾದ ಯುಕ್ತಿಯೂ ಉಂಟು. ಒಪ್ಪಂದಕ್ಕೆ ಸಹಿ ಹಾಕುವಾಗ ಆಟಗಾರನಿಗೆ ದೊಡ್ಡ ಮೊತ್ತವನ್ನು ಒಮ್ಮೆಗೇ ಕೈಗಿಟ್ಟು, ಲೆಕ್ಕದಲ್ಲಿ ಮಾತ್ರ ಅದನ್ನು ಐದು ವರ್ಷಗಳವರೆಗೆ ಹಂಚಿ ಬರೆಯಬಹುದು. ಹಣ ಇಂದೇ ಹೋಯಿತು. ಲೆಕ್ಕ ಮುಂದೆ ಬರುತ್ತದೆ. ಮುಂದಿನ ವರ್ಷಗಳ ನೀರನ್ನು ಈ ವರ್ಷವೇ ಕಾಲುವೆಗೆ ಬಿಟ್ಟಂತೆ. ಆಟಗಾರ ಚೆನ್ನಾಗಿ ಆಡುವವರೆಗೆ ಇದು ಜಾಣತನ. ಅವನನ್ನು ನಡುವೆ ಬಿಟ್ಟುಕೊಡಬೇಕಾಗಿ ಬಂದರೆ ಬರೆಯದೆ ಉಳಿಸಿದ್ದ ಲೆಕ್ಕವೆಲ್ಲ ತಲೆಯ ಮೇಲೆ ಬೀಳುತ್ತದೆ. ಅದನ್ನು ಅಲ್ಲಿ 'ಸತ್ತ ಹಣ' ಎನ್ನುತ್ತಾರೆ. ನಮ್ಮ ಜಲಾಶಯದ ತಳದಲ್ಲಿ ಕಾಲುವೆಗೆ ಹರಿಯದೆ ನಿಲ್ಲುವ ನೀರಿಗೆ ಎಂಜಿನಿಯರುಗಳು ಡೆಡ್ ಸ್ಟೋರೇಜ್ ಎನ್ನುತ್ತಾರೆ. ಕಣ್ಣಿಗೆ ಕಾಣುತ್ತದೆ, ಹೊಲಕ್ಕೆ ಹರಿಯದು. ಎರಡೂ ಒಂದೇ ಜಾತಿಯವು. ಡೆನ್ವರ್ ನಗರದ ತಂಡ ರಸಲ್ ವಿಲ್ಸನ್ ಎಂಬ ಹೆಸರಾಂತ ಆಟಗಾರನನ್ನು 2024ರಲ್ಲಿ ಕೈಬಿಟ್ಟಾಗ ಸುಮಾರು ಎಂಟೂವರೆ ಕೋಟಿ ಡಾಲರುಗಳ ಇಂಥ ಸತ್ತ ಹಣ ಎರಡು ವರ್ಷಗಳ ಲೆಕ್ಕಕ್ಕೆ ಬಿತ್ತು. ಆದರೂ ಆ ವರ್ಷ ಕಾಲೇಜಿನಿಂದ ಆಗತಾನೆ ಬಂದ, ಸಂಬಳ ಕಡಿಮೆಯಿದ್ದ ಹುಡುಗನೊಬ್ಬನನ್ನು ಮುಂದಿಟ್ಟುಕೊಂಡು ಆ ತಂಡ ಕೊನೆಯ ಸುತ್ತಿನ ಪಂದ್ಯಗಳಿಗೆ ಅರ್ಹತೆ ಪಡೆಯಿತು. ಲೆಕ್ಕ ಎಷ್ಟೇ ಬಿಗಿಯಾಗಿದ್ದರೂ ಮನುಷ್ಯ ಅದರಾಚೆಗೂ ಕೈಚಾಚಬಲ್ಲ.

ನಮ್ಮ ದೇಶದಲ್ಲಿ ಈ ಲೆಕ್ಕ ಜನಸಾಮಾನ್ಯರಿಗೆ ಪರಿಚಯವಾದದ್ದು ಕ್ರಿಕೆಟ್ ಹರಾಜಿನ ಮೂಲಕ. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನಲ್ಲೂ, ಅದೇ ವರ್ಷದ ಪ್ರೊ ಕಬಡ್ಡಿಯಲ್ಲೂ ಮಿತಿಯ ಕಟ್ಟಳೆಗಳು ಬಂದವು. 2008ರ ಮೊದಲ ಐಪಿಎಲ್ ಹರಾಜಿನ ಒಂದು ಪ್ರಸಂಗ ನನಗೆ ಬಹಳ ಪ್ರಿಯ. ಪ್ರತಿ ತಂಡಕ್ಕೆ 50 ಲಕ್ಷ ಡಾಲರ್ ಮಿತಿ. ಕೆಲವು ತಂಡಗಳಿಗೆ ತಮ್ಮ ಊರಿನ ಹಿರಿಯ ಆಟಗಾರನೊಬ್ಬ 'ಐಕಾನ್'. ತಂಡ ಕೊಂಡವರಲ್ಲಿ ಅತಿ ಹೆಚ್ಚು ಬೆಲೆಯವನಿಗಿಂತ ಶೇಕಡ 15ರಷ್ಟು ಹೆಚ್ಚು ಹಣ ಆ ಹಿರಿಯನಿಗೆ ಸಲ್ಲಬೇಕು. ಬೆಂಗಳೂರಿಗೆ ರಾಹುಲ್ ದ್ರಾವಿಡ್ ಹಾಗೆ ಬಂದರು. ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣ್ ಆ ಗೌರವವನ್ನು ತಾವಾಗಿಯೇ ಬಿಟ್ಟುಕೊಟ್ಟರು. ತಮಗೆ ಹೆಚ್ಚಿಗೆ ಬಂದಷ್ಟೂ ತಂಡಕ್ಕೆ ಬೇರೆಯವರನ್ನು ಕೊಳ್ಳಲು ಹಣ ಕಡಿಮೆಯಾಗುತ್ತದೆಂಬುದು ಅವರ ಎಣಿಕೆ. 3 ಲಕ್ಷ 75 ಸಾವಿರ ಡಾಲರಿಗೆ ಅವರು ಆಡಿದರು. ಅದೇ ತಂಡದಲ್ಲಿ ಆಂಡ್ರ್ಯೂ ಸೈಮಂಡ್ಸ್‌ಗೆ 13 ಲಕ್ಷ 50 ಸಾವಿರ. ಆ ವರ್ಷ ಹೈದರಾಬಾದು ಕೊನೆಯ ಸ್ಥಾನಕ್ಕೆ ಬಂತು, ಮರುವರ್ಷ ಪ್ರಶಸ್ತಿ ಗೆದ್ದಿತು. ತ್ಯಾಗಕ್ಕೆ ತಕ್ಷಣವೇ ಫಲ ಸಿಗುತ್ತದೆಂದು ನಾನು ಹೇಳಲಾರೆ. ಆದರೆ ತನ್ನ ಪಾಲು ಇನ್ನೊಬ್ಬನ ಪಾಲನ್ನು ಮುಟ್ಟುತ್ತದೆ ಎಂಬುದನ್ನು ಅರಿತ ಆಟಗಾರ ದೊಡ್ಡವನು.

ಇನ್ನು ಕಬಡ್ಡಿ. 2022ರ ಹರಾಜಿನಲ್ಲಿ ತಂಡವೊಂದರ ಮಿತಿ 4 ಕೋಟಿ 40 ಲಕ್ಷ ರೂಪಾಯಿ. ಬೆಂಗಳೂರು ಬುಲ್ಸ್‌ಗೆ 2019ರ ಜನವರಿಯಲ್ಲಿ ಪ್ರಶಸ್ತಿ ಗೆದ್ದುಕೊಟ್ಟಿದ್ದ ಪವನ್ ಸೆಹ್ರಾವತ್‌ನನ್ನು ತಮಿಳ್ ತಲೈವಾಸ್ 2 ಕೋಟಿ 26 ಲಕ್ಷಕ್ಕೆ ಕೊಂಡಿತು. ಅರ್ಧಕ್ಕಿಂತ ಹೆಚ್ಚು ಗಂಟು ಒಬ್ಬನ ಮೇಲೆ! ಮೊದಲ ಪಂದ್ಯದಲ್ಲೇ ಅವನ ಮಂಡಿ ಉಳುಕಿ ಇಡೀ ಋತುವಿಗೆ ಹೊರಗಾದ. ಎಲ್ಲರೂ ಆ ತಂಡದ ಕಥೆ ಮುಗಿಯಿತೆಂದರು. ಆದರೆ ನರೇಂದರ್ ಎಂಬ ಹೊಸ ಹುಡುಗ ದಾಳಿಯ ಹೊಣೆ ಹೊತ್ತ. ಹಿಡಿಯುವವರು ಗಟ್ಟಿಯಾಗಿ ನಿಂತರು. ಆ ತಂಡ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ಮರುವರ್ಷದ ಮಿತಿ 5 ಕೋಟಿ. ತೆಲುಗು ಟೈಟಾನ್ಸ್ ಅದೇ ಪವನ್‌ಗೆ 2 ಕೋಟಿ 60 ಲಕ್ಷ ಕೊಟ್ಟಿತು. ಈ ಬಾರಿ ಅವನು ಆಡಿದ, ಚೆನ್ನಾಗಿಯೇ ಆಡಿದ. ತಂಡ ಮಾತ್ರ 22 ಪಂದ್ಯಗಳಲ್ಲಿ ಎರಡನ್ನು ಗೆದ್ದು ಕೊನೆಯಲ್ಲಿ ನಿಂತಿತು.

ಇದನ್ನು ಓದಿದಾಗ ನಾನು ನಗಲಿಲ್ಲ. ನನಗೆ ನನ್ನದೇ ಒಂದು ಲೆಕ್ಕದ ಚೀಟಿ ನೆನಪಾಯಿತು.

1986ರ ಮಾತು. ದಾವಣಗೆರೆಯೂ ಆಗ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ನಮ್ಮೂರಿನ ಯುವಕರ ಸಂಘಕ್ಕೆ ನಾನು ಕಾರ್ಯದರ್ಶಿ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯೊಂದಕ್ಕೆ ತಂಡ ಕಳಿಸಬೇಕೆಂದು ಊರವರು ಚಂದಾ ಎತ್ತಿ 1,500 ರೂಪಾಯಿ ನನ್ನ ಕೈಗಿತ್ತರು. ಅದೇ ನಮ್ಮ ಮಿತಿ. ದಾವಣಗೆರೆಯ ಕಡೆಯ ಒಬ್ಬ ಪ್ರಸಿದ್ಧ ರೇಡರ್‌ಗೆ 800 ಬರೆದೆ. ಹೊಸದುರ್ಗದ ಇನ್ನೊಬ್ಬನಿಗೆ 300. ಪ್ರವೇಶ ಶುಲ್ಕ 101. ಊಟಕ್ಕೂ ವಾಹನಕ್ಕೂ 250. ಊರ ಹುಡುಗರು ಊರ ಮರ್ಯಾದೆಗೆ ಆಡುವವರು. ಅವರಿಗೆ ದುಡ್ಡು ಕೊಡುವ ಮಾತೇ ಇರಲಿಲ್ಲ. ಒಬ್ಬನ ವಿಷಯ ಮಾತ್ರ ಬೇರೆಯಾಗಿತ್ತು. ಎಡ ಮೂಲೆಯಲ್ಲಿ ನಿಲ್ಲುತ್ತಿದ್ದ ಹುಡುಗ, ಕಾಲು ಹಿಡಿದರೆ ಉಡ ಹಿಡಿದಂತೆ. ಕಾಲುವೆಯ ಕೊನೆಯಲ್ಲಿ ಅವರದು ಎರಡೆಕರೆ ಹೊಲ. ನೀರು ತಲುಪಿದ ವರ್ಷ ಬೆಳೆ, ತಲುಪದ ವರ್ಷ ಅವನು ತೆಂಗಿನ ತೋಟಗಳಲ್ಲಿ ಕೂಲಿ. ಎರಡು ದಿನದ ಕೂಲಿ ತಪ್ಪುತ್ತದೆ, 30 ರೂಪಾಯಿ ಕೊಟ್ಟರೆ ಮನೆಯಲ್ಲಿ ಹೇಳಿ ಬರುತ್ತೇನೆ ಎಂದು ಅವನು ಕೇಳಿದ್ದ. ಕೈಯಲ್ಲಿ 49 ರೂಪಾಯಿ ಉಳಿದಿತ್ತು. ಏನಾದರೂ ಆಪತ್ತಿಗೆ ಬೇಕಾದೀತೆಂದು ಅದನ್ನು ಹಾಗೆಯೇ ಇಟ್ಟುಕೊಂಡು, ಚೀಟಿಯ ಕೊನೆಯಲ್ಲಿ ಅವನ ಹೆಸರು ಬರೆದು ಎದುರಿಗೆ 'ಉಳಿದರೆ' ಎಂದು ನಮೂದಿಸಿದೆ. ಹೊರಡುವ ದಿನ ಅವನು ಬರಲಿಲ್ಲ.

ಮೊದಲ ಪಂದ್ಯವನ್ನು ನಮ್ಮ ರೇಡರ್ ಒಬ್ಬನೇ ಗೆದ್ದುಕೊಟ್ಟ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಎರಡನೆಯ ಪಂದ್ಯದಲ್ಲಿ ಎದುರಾಳಿಗಳು ಮೂವರು ಕೂಡಿ ಅವನನ್ನು ಹಿಡಿದು ಹೊರಗೆ ಕೂರಿಸಿದರು. ಕಬಡ್ಡಿಯ ನಿಯಮ ತಮಗೆಲ್ಲ ಗೊತ್ತು. ಹೊರಗೆ ಕೂತವನು ಒಳಗೆ ಬರಬೇಕಾದರೆ ಒಳಗಿರುವವರು ಎದುರಾಳಿಯೊಬ್ಬನನ್ನು ಔಟ್ ಮಾಡಬೇಕು. ಅವರ ರೇಡರ್ ನಮ್ಮ ಎಡ ಮೂಲೆಯನ್ನೇ ಹುಡುಕಿಕೊಂಡು ಬಂದು, ಮುಟ್ಟಿ, ಮರಳಿ ಹೋಗುತ್ತಿದ್ದ. ಹಿಡಿಯುವವರಿರಲಿಲ್ಲ. ನಮ್ಮ 800 ರೂಪಾಯಿ ಗೆರೆಯಾಚೆ ಮೊಣಕಾಲ ಮೇಲೆ ಗಲ್ಲವಿಟ್ಟು ಕೂತಿತ್ತು. ಅದನ್ನು ಒಳಗೆ ಕರೆತರಬಲ್ಲ 30 ರೂಪಾಯಿ ಯಾರದೋ ತೋಟದಲ್ಲಿ ತೆಂಗಿನಕಾಯಿ ಹೊರುತ್ತಿತ್ತು. ಸೋತು ಮರಳಿದಾಗ ನನ್ನ ಜೇಬಿನಲ್ಲಿ 49 ರೂಪಾಯಿ ಹಾಗೆಯೇ ಇತ್ತು.

ಮರುದಿನ ಅವನನ್ನು ಕಂಡು, 'ಮೂವತ್ತು ರೂಪಾಯಿಗೆ ಹೀಗೆ ಮಾಡಿದೆಯಲ್ಲೋ' ಎಂದೆ. ಅವನು ಸಿಟ್ಟಾಗಲಿಲ್ಲ. 'ದುಡ್ಡಿನ ಮಾತಲ್ಲಣ್ಣ. ದುಡ್ಡಿಲ್ಲ ಬಾರೋ ಅಂದಿದ್ರೂ ಬರ್ತಿದ್ದೆ. ಚೀಟಿನಾಗೆ ನನ್ನ ಹೆಸರಿನ ಮುಂದೆ ಬರೆದಿದ್ದನ್ನ ನೋಡಿದೆ. ಮೇಲ್ಗಡೆ ಹೊಲದೋರೂ ನಮಗೆ ಹಂಗೇ ಅಂತಾರೆ, ಉಳಿದ್ರೆ ಬಿಡ್ತೀವಿ ಅಂತ' ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಆ ಹಣವನ್ನು ಅವನ ಕೈಗಿಡಲು ಹೋದೆ, ಅವನು ತೆಗೆದುಕೊಳ್ಳಲಿಲ್ಲ. ಮರುವರ್ಷ ಅವನು ಆಡಿದ್ದು ಪಕ್ಕದ ಊರಿನ ಪರವಾಗಿ.

ಅಂದಿನಿಂದ ನಾನು ತಂಡಗಳ ಲೆಕ್ಕವನ್ನು ಕೊನೆಯಿಂದ ಓದುತ್ತೇನೆ. 2024ರ ನವೆಂಬರ್‌ನಲ್ಲಿ ಜೆದ್ದಾ ನಗರದಲ್ಲಿ ಐಪಿಎಲ್ ಹರಾಜು ನಡೆಯಿತು. ತಂಡಕ್ಕೆ 120 ಕೋಟಿ ರೂಪಾಯಿ ಮಿತಿ. ಬೆಂಗಳೂರು ಮೂವರನ್ನು 37 ಕೋಟಿಗೆ ಉಳಿಸಿಕೊಂಡು 83 ಕೋಟಿಯೊಂದಿಗೆ ಹೋಗಿತ್ತು. ಲಕ್ನೋ ತಂಡ ರಿಷಭ್ ಪಂತ್‌ಗೆ 27 ಕೋಟಿ ಕೊಟ್ಟಿತು. ನಮ್ಮವರು ಕೊಂಡವರಲ್ಲಿ ಅತಿ ದುಬಾರಿಯಾದ ಹೇಜಲ್‌ವುಡ್‌ಗೆ 12.5 ಕೋಟಿ. ನಮ್ಮ ಕೆ.ಎಲ್. ರಾಹುಲ್ 14 ಕೋಟಿಗೆ ದೆಹಲಿಯ ಪಾಲಾದಾಗ ಅಭಿಮಾನಿಗಳು ಹಲ್ಲು ಕಡಿದರು. ಅವರಲ್ಲಿ ನಾನೂ ಒಬ್ಬ. ಆದರೆ ಪಟ್ಟಿಯ ಕೆಳಗಿನ ಸಾಲುಗಳಲ್ಲಿ ಕೃಣಾಲ್ ಪಾಂಡ್ಯ 5.75 ಕೋಟಿಗೆ, ಟಿಮ್ ಡೇವಿಡ್ 3 ಕೋಟಿಗೆ, ರೊಮಾರಿಯೊ ಶೆಫರ್ಡ್ ಒಂದೂವರೆ ಕೋಟಿಗೆ ಇದ್ದರು. 2025ರ ಮೇ 3ರಂದು ಚೆನ್ನೈ ವಿರುದ್ಧ ಶೆಫರ್ಡ್ 14 ಎಸೆತಗಳಲ್ಲಿ 53 ರನ್ ಹೊಡೆದ. ತಂಡ ಗೆದ್ದದ್ದು ಎರಡೇ ರನ್ನುಗಳಿಂದ. ಜೂನ್ 3ರ ಫೈನಲ್‌ನಲ್ಲಿ ಕೃಣಾಲ್ ನಾಲ್ಕು ಓವರುಗಳಲ್ಲಿ 17 ರನ್ನಿಗೆ ಎರಡು ವಿಕೆಟ್ ಪಡೆದು ಪಂದ್ಯಪುರುಷನಾದ. ಹದಿನೆಂಟನೆಯ ಪ್ರಯತ್ನದಲ್ಲಿ ಕಪ್ಪು ಬಂತು. ಮರುದಿನ ಬೆಂಗಳೂರಿನ ನೂಕುನುಗ್ಗಲಿನಲ್ಲಿ 11 ಜೀವಗಳು ಹೋದದ್ದನ್ನು ನೆನೆಯದೆ ಆ ಗೆಲುವಿನ ಮಾತನ್ನು ಆಡಲಾಗದು.

ಇದರಿಂದ ಒಂದು ಸೂತ್ರ ಸಿಕ್ಕಿತೆಂದು ತಾವು ಭಾವಿಸಬಾರದು. ಅಂದು ಎದುರಿಗಿದ್ದ ಪಂಜಾಬ್ ತಂಡ 26.75 ಕೋಟಿಯ ನಾಯಕನನ್ನು ಇಟ್ಟುಕೊಂಡೂ ಆರು ರನ್ನುಗಳ ಅಂತರಕ್ಕೆ ಬಂದಿತ್ತು. ದೊಡ್ಡ ಆಟಗಾರ ಬೇಡವೆಂದು ನಾನು ಹೇಳುವುದಿಲ್ಲ. ನಮ್ಮ ರೇಡರ್ ಇಲ್ಲದಿದ್ದರೆ ಮೊದಲ ಪಂದ್ಯವನ್ನೂ ನಾವು ಸೋಲುತ್ತಿದ್ದೆವು. ನಾನು ಹೇಳುವುದು ಇಷ್ಟೆ: ಗಂಟು ಚಿಕ್ಕದಿರುವಾಗ ಚೀಟಿಯ ಮೊದಲ ಸಾಲನ್ನು ಬರೆಯುವುದು ಸುಲಭ, ಯಾರು ಬೇಕಾದರೂ ಬರೆದಾರು. ಕೊನೆಯ ಸಾಲನ್ನು ಬರೆಯುವುದೇ ಕಷ್ಟ.

ಮಾರಿಕಣಿವೆ ಕೋಡಿ ಬಿದ್ದ 2022ರ ಆ ಸೆಪ್ಟೆಂಬರ್‌ನಲ್ಲಿ ಊರೂರಿನ ಜನ ಅಣೆಕಟ್ಟಿನ ಕಡೆಗೆ ಹೊರಟಿದ್ದರು. ನಾನೂ ಹೋಗಿ ಕೈಮುಗಿದು ಬಂದೆ. ಬರುವ ದಾರಿಯಲ್ಲಿ ಕಾಲುವೆಯ ಕೊನೆಯವರೆಗೂ ನಡೆದು ಹೋದೆ. ಅವರ ಆ ಎರಡೆಕರೆಯ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತೆ. ಹೊಲದಲ್ಲಿ ಯಾರೂ ಇರಲಿಲ್ಲ. ಮಣ್ಣು ಒದ್ದೆಯಾಗಿತ್ತು.



(ಬಾನುಲಿ ಭಾಷಣ)